ಚಿಂದಿ ಬಟ್ಟೆ, ಖಾಲಿ ಕೋನ್, ಮಗುವಿನ ಆಟಿಕೆ

ಈದ್ ನಮಾಝ್ ಮುಗಿಸಿ ಹೊರಬಂದರೆ ಮಸೀದಿಯ ಮುಂದೆ ಆಟಿಕೆಯ ತಳ್ಳುಗಾಡಿಗಳು ಸಾಲಾಗಿ ನಿಂತಿರುತ್ತವೆ. ದೀಪ ಮಿನುಗಿಸುವ ಕಾರು, ಗುಂಡಿ ಒತ್ತಿದರೆ ಹಾಡುವ ಮೊಬೈಲು, ಕಿರುಚುವ ಬಾತುಕೋಳಿ. ಮಗು ಕೈ ಚಾಚುತ್ತದೆ, ಈದಿಯ ಹಣವೂ ಕೈಯಲ್ಲಿರುತ್ತದೆ, ಕೊಂಡುಬಿಡುತ್ತೇವೆ. ಅಸರ್ ಹೊತ್ತಿಗೆ ಚಕ್ರ ಒಂದು ಕಡೆ, ಬ್ಯಾಟರಿಯ ಮುಚ್ಚಳ ಇನ್ನೊಂದು ಕಡೆ. ಅದರೊಳಗಿದ್ದ ಗುಂಡಿಯಂಥ ಪುಟ್ಟ ಬ್ಯಾಟರಿ ಎಲ್ಲಿ ಹೋಯಿತೆಂದು ಯಾರೂ ಹುಡುಕುವುದಿಲ್ಲ.

ಹುಡುಕಲೇಬೇಕು. ಆ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅಲ್ಲಿನ ಮಾಂಸ ಸುಟ್ಟುಹೋಗಬಲ್ಲದು. ಬ್ಯಾಟರಿ ಹಳೆಯದಾಗಿದ್ದರೂ, ಆಟಿಕೆ ನಡೆಸುವಷ್ಟು ಶಕ್ತಿ ಅದರಲ್ಲಿ ಉಳಿದಿಲ್ಲದಿದ್ದರೂ ಈ ಅಪಾಯ ತಪ್ಪುವುದಿಲ್ಲ.

ಹಾಗೆಂದು ದುಬಾರಿ ಆಟಿಕೆ ಕೊಳ್ಳಿರಿ ಎಂದು ನಿಮಗೆ ಹೇಳುತ್ತಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಬೇಕಾದ ಆಟಿಕೆಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ ಮಾಡಬಹುದು. ಇದು ಹೊಸ ಮಾತಲ್ಲ. ಆಶೂರಾ ದಿನ ತಾವೂ ಉಪವಾಸವಿದ್ದು ಮಕ್ಕಳಿಗೂ ಉಪವಾಸದ ಅಭ್ಯಾಸ ಮಾಡಿಸುತ್ತಿದ್ದಾಗ, ಉಣ್ಣೆಯಿಂದ ಆಟಿಕೆ ಮಾಡಿಟ್ಟುಕೊಂಡು, ಮಗು ಹಸಿದು ಅತ್ತರೆ ಅದನ್ನು ಕೊಟ್ಟು ಇಫ್ತಾರ್‌ವರೆಗೆ ಸಮಾಧಾನಪಡಿಸುತ್ತಿದ್ದೆವೆಂದು ಸಹಾಬಿ ಮಹಿಳೆ ರುಬಯ್ಯಿಅ್ ಬಿಂತ್ ಮುಅವ್ವಿಝ್(ರ) ತಿಳಿಸಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿ ಇದೆ. ಮದೀನಾದ ಆ ತಾಯಂದಿರು ಅಂಗಡಿಗೆ ಹೋಗಲಿಲ್ಲ. ಮನೆಯಲ್ಲಿದ್ದ ಉಣ್ಣೆ ಅವರಿಗೆ ಸಾಕಾಯಿತು.

ನಮ್ಮ ಬಿನ್ನಿಪೇಟೆಯಲ್ಲಿ ಏನಿದೆ? ಪೇಟೆಗೆ ಹೆಸರು ಕೊಟ್ಟ ಬಟ್ಟೆ ಮಿಲ್ಲು ಈಗಿಲ್ಲ. 1884ರಲ್ಲಿ ಶುರುವಾದ ಆ ಮಿಲ್ಲಿನ ಜಾಗದಲ್ಲಿ ಇಂದು ಎತ್ತರದ ಕಟ್ಟಡಗಳಿವೆ. ಆದರೆ ಬಟ್ಟೆ ಹೋಗಿಲ್ಲ. ಓಣಿ ಓಣಿಯಲ್ಲಿ ಟೈಲರ್ ಅಂಗಡಿಗಳಿವೆ, ಮನೆಯಲ್ಲೇ ಮಿಷನ್ ಇಟ್ಟುಕೊಂಡು ಹೊಲಿಯುವ ಅಕ್ಕಂದಿರಿದ್ದಾರೆ. ಅವರ ಕಾಲಡಿಯಲ್ಲಿ ಕತ್ತರಿಸಿ ಬಿದ್ದ ಚಿಂದಿ, ದಾರ ಮುಗಿದ ಪ್ಲಾಸ್ಟಿಕ್ ಕೋನ್‌ಗಳು ಕೇಳಿದರೆ ಪುಕ್ಕಟೆ ಸಿಗುತ್ತವೆ. ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆಯಂತೂ ಇದ್ದೇ ಇದೆ.

ಮಾಡಲು ಕೂರುವ ಮೊದಲು ಒಂದು ಅಳತೆಯನ್ನು ಸಿದ್ಧಮಾಡಿಕೊಳ್ಳಿರಿ. ದಪ್ಪ ರಟ್ಟಿನಲ್ಲಿ ಮೂರೂವರೆ ಸೆಂಟಿಮೀಟರ್ ಅಗಲದ ಒಂದು ದುಂಡು ರಂಧ್ರ ಕೊರೆಯಿರಿ. ಈ ರಂಧ್ರದಲ್ಲಿ ತೂರಿ ಹೋಗುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಲ್ಲದು. ಆಟಿಕೆ ಪರೀಕ್ಷಿಸುವವರು 3.17 ಸೆಂಟಿಮೀಟರ್ ಅಗಲದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಅಡಗುವ ವಸ್ತು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂಬುದು ಲೆಕ್ಕ. ನಾವು ಸ್ವಲ್ಪ ದೊಡ್ಡ ರಂಧ್ರ ಇಟ್ಟುಕೊಂಡರೆ ನಷ್ಟವೇನಿಲ್ಲ. ಈಗ ಮನೆಯ ವಸ್ತುಗಳನ್ನು ತೂರಿಸಿ ನೋಡಿರಿ. ನೀರಿನ ಬಾಟಲಿಯ ಮುಚ್ಚಳ, ಹತ್ತು ರೂಪಾಯಿ ನಾಣ್ಯ, ಅಂಗಿಯ ಗುಂಡಿ, ಹುಣಸೆ ಬೀಜ, ತಸ್ಬೀಹ್ ಹರಿದರೆ ಉದುರುವ ಮಣಿ, ಎಲ್ಲವೂ ತೂರುತ್ತವೆ. ಬಾಟಲಿ ಮುಚ್ಚಳಕ್ಕೆ ದಾರ ಪೋಣಿಸಿ ರೈಲು ಮಾಡಿಕೊಡುವವರು ಬಹಳ. ಐದು ವರ್ಷದವನಿಗೆ ಅದು ಚೆಂದ, ಅವನ ಪುಟ್ಟ ತಂಗಿಗೆ ಅಲ್ಲ. ಒಂದೇ ಕೋಣೆಯ ಮನೆಯಲ್ಲಿ ಅಣ್ಣನ ಆಟಿಕೆ ತಂಗಿಯ ಬಾಯಿಗೆ ಹೋಗಲು ಎಷ್ಟು ಹೊತ್ತು ಬೇಕು?

ಮೊದಲು ಬಟ್ಟೆಯ ಚೆಂಡು. ಹಳೆಯ ಹತ್ತಿ ದುಪಟ್ಟಾ ಅಥವಾ ಬೆಡ್‌ಶೀಟಿನ ಮೇಲೆ ಊಟದ ತಟ್ಟೆ ಕವುಚಿ ಗೆರೆ ಎಳೆದು ದುಂಡಗೆ ಕತ್ತರಿಸಿರಿ. ಅಂಚಿನಿಂದ ಒಂದು ಬೆರಳು ಒಳಗೆ ಜೋಡಿ ದಾರದಲ್ಲಿ ಸುತ್ತಲೂ ದೊಡ್ಡ ಟಾಕಿ ಹಾಕುತ್ತಾ ಬಂದು, ಮಧ್ಯದಲ್ಲಿ ಚಿಂದಿಯನ್ನು ಸಣ್ಣಗೆ ಕತ್ತರಿಸಿ ತುಂಬಿ, ದಾರ ಎಳೆದರೆ ಬಟ್ಟೆ ಚೀಲದ ಬಾಯಿಯಂತೆ ಮುಚ್ಚಿಕೊಳ್ಳುತ್ತದೆ. ಬಾಯಿಯನ್ನು ಒಳಕ್ಕೆ ಮಡಚಿ ಎರಡು ಸಲ ಹೊಲಿದರೆ ದೊಡ್ಡ ಮೋಸಂಬಿಯಷ್ಟು ಚೆಂಡು. ನಾಲ್ಕೈದು ತಿಂಗಳ ಮಗು ಅದನ್ನು ಹಿಡಿಯುತ್ತದೆ, ಚೀಪುತ್ತದೆ. ತೆವಳುವ ಮಗು ಅದರ ಹಿಂದೆ ಹೋಗುತ್ತದೆ. ಬಣ್ಣ ಗಾಢವಾಗಿರಲಿ, ಆದರೆ ಬಣ್ಣ ಬಿಡುವ ಬಟ್ಟೆ ಬೇಡ. ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಉಜ್ಜಿದರೆ ಗೊತ್ತಾಗುತ್ತದೆ. ಮಿಂಚಿನ ಚುಕ್ಕಿ, ಜರಿ, ಚಮಕಿ ಇರುವ ಚಿಂದಿಯೂ ಬೇಡ, ಅವು ಉದುರಿ ಬಾಯಿಗೆ ಹೋಗುತ್ತವೆ.

ಒಳಗೆ ಏನು ತುಂಬುತ್ತೀರಿ ಎಂಬುದು ಮೇಲಿನ ಬಟ್ಟೆಗಿಂತ ಮುಖ್ಯ. ಹಳೆಯ ಹಾಸಿಗೆಯ ಹತ್ತಿಯಲ್ಲಿ ವರ್ಷಗಳ ಧೂಳು, ಕಣ್ಣಿಗೆ ಕಾಣದ ಹುಳು ಇರುತ್ತವೆ. ಉಬ್ಬಸದ ಮನೆತನವಿದ್ದರೆ ಅದನ್ನು ಮುಟ್ಟಲೇಬೇಡಿ. ಥರ್ಮಾಕೋಲ್ ಕಾಳು, ಅಕ್ಕಿ, ಕಡಲೆ, ಸಾಸಿವೆ ಇವೂ ಬೇಡ. ಸದ್ದು ಬರಲಿ ಎಂದು ಕಾಳು ಹಾಕುವ ರೂಢಿಯಿದೆ. ಹೊಲಿಗೆ ಬಿಚ್ಚಿದ ದಿನ ಅದು ಮಗುವಿನ ಮೂಗಿಗೋ ಶ್ವಾಸನಾಳಕ್ಕೋ ಸೇರುತ್ತದೆ, ಅಲ್ಲಿ ತೇವ ಕುಡಿದು ಉಬ್ಬುತ್ತದೆ. ಸದ್ದೇ ಬೇಕಿದ್ದರೆ ಸ್ಟೀಲ್ ಬಟ್ಟಲು, ಮರದ ಸೌಟು ಕೊಡಿರಿ. ಕಿವಿ ನಿಮ್ಮದು ಹೋಗುತ್ತದೆ ಅಷ್ಟೆ.

ಇನ್ನೊಂದು ಮಾತನ್ನು ಬಹಳ ಮನೆಗಳಲ್ಲಿ ಗಮನಿಸುವುದಿಲ್ಲ. ಹಳೆ ಬಟ್ಟೆ ಬರುವುದು ಟ್ರಂಕಿನಿಂದ, ಟ್ರಂಕಿನಲ್ಲಿರುವುದು ನಾಫ್ತಲೀನ್ ಗುಳಿಗೆ. ಅದರ ಆವಿ ಬಟ್ಟೆಗೆ ಹಿಡಿದಿರುತ್ತದೆ. ಎಳೆ ಮಗುವಿನ ದೇಹಕ್ಕೆ ಅದು ಸೇರಿದರೆ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ, ಕಾಮಾಲೆ ಬರಬಹುದು. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಿಗಂತೂ ಅಪಾಯ ಹೆಚ್ಚು. ಆದ್ದರಿಂದ ಟ್ರಂಕಿನ ಬಟ್ಟೆಯನ್ನು ಸೋಪು ಹಾಕಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿನಲ್ಲಿ ಹರವಿ, ಆಮೇಲೆ ಕತ್ತರಿ ಹಿಡಿಯಿರಿ. ಗುಳಿಗೆಗಳನ್ನು ಮಗುವಿಗೆ ಎಟುಕದಂತೆ ಇಡಿರಿ, ಅವು ಪೆಪ್ಪರ್‌ಮಿಂಟಿನಂತೆ ಕಾಣುತ್ತವೆ.

ಟೈಲರ್ ಅಂಗಡಿಯ ಖಾಲಿ ಕೋನ್‌ಗಳು ಒಂದು ವರ್ಷ ದಾಟಿದ ಮಗುವಿಗೆ ಬಲು ಒಳ್ಳೆಯ ಆಟಿಕೆ. ಒಂದರ ಮೇಲೊಂದು ತಾವಾಗಿಯೇ ಕೂರುತ್ತವೆ. ಮಿಷನ್ ಎಣ್ಣೆ ಹಿಡಿದಿರುತ್ತದೆ. ಬಿಸಿನೀರು, ಸೋಪಿನಲ್ಲಿ ನೆನೆಸಿ ಒಳಗೂ ಹೊರಗೂ ಉಜ್ಜಿರಿ, ಉಳಿದ ದಾರವನ್ನೆಲ್ಲ ಬಿಚ್ಚಿ ತೆಗೆಯಿರಿ. ಅಂಚು ಒಡೆದದ್ದನ್ನು, ರಟ್ಟಿನ ಕೋನ್ ಅನ್ನು ಎಸೆಯಿರಿ, ರಟ್ಟು ತೊಳೆಯಲು ಬಾರದು. ಮನೆಯ ಐದಾರು ಬಟ್ಟಲು, ಲೋಟಗಳೂ ಇದೇ ಕೆಲಸ ಮಾಡುತ್ತವೆ. ಯಾವುದು ಯಾವುದರೊಳಗೆ ಹೋಗುತ್ತದೆಂದು ಮಗು ತಾನೇ ಕಂಡುಕೊಳ್ಳಲಿ, ನೀವು ಅವಸರ ಮಾಡಬೇಡಿ.

ಎಳೆಯುವ ಡಬ್ಬಿ ಇನ್ನೂ ಸುಲಭ. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ ಮಗುವಿನ ಕೈ ತೂರುವಷ್ಟು ರಂಧ್ರ ಮಾಡಿ ಅಂಚನ್ನು ನುಣುಪು ಮಾಡಿರಿ, ಒಳಗೆ ಬಣ್ಣಬಣ್ಣದ ಬಟ್ಟೆ ಪಟ್ಟಿಗಳನ್ನು ತುಂಬಿರಿ. ಎಂಟು ತಿಂಗಳ ಮಗು ಒಂದೊಂದಾಗಿ ಎಳೆದು ಹಾಕುತ್ತದೆ. ಪಟ್ಟಿ ಒಂದು ಗೇಣಿಗಿಂತ ಉದ್ದ ಇರಬಾರದು, ಒಂದಕ್ಕೊಂದು ಗಂಟು ಹಾಕಲೂಬಾರದು. ಉದ್ದವಾದರೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ಆಟಿಕೆಗೆ ಕಟ್ಟುವ ದಾರಕ್ಕೂ ಇದೇ ಅಳತೆ.

ಬಟ್ಟೆಯ ಗೊಂಬೆಗೆ ಗುಂಡಿಯ ಕಣ್ಣು ಬೇಡ, ದಾರದಲ್ಲೇ ಹೊಲಿಯಿರಿ. ಹಝ್ರತ್ ಆಯಿಶಾ(ರ) ಚಿಕ್ಕಂದಿನಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದುದು, ಅವರ ಬಳಿ ಬಟ್ಟೆಯ ರೆಕ್ಕೆಯ ಕುದುರೆ ಇದ್ದುದು ಹದೀಸ್‌ಗಳಲ್ಲಿದೆ. ಕೆಲವು ಮನೆಗಳಲ್ಲಿ ಗೊಂಬೆಗೆ ಮುಖ ಬರೆಯುವುದಿಲ್ಲ. ಆ ಚರ್ಚೆ ಈ ಪುಟದ್ದಲ್ಲ. ಆದರೆ ಗೊಂಬೆಯ ಕಣ್ಣಿಗೆ ಸುರ್ಮಾ ಹಚ್ಚಬೇಡಿ. ಸೀಸದ ಅಂಶವಿರುವ ಸುರ್ಮಾ ಮಾರುಕಟ್ಟೆಯಲ್ಲಿದೆ, ನೋಡಿ ತಿಳಿಯಲು ಸಾಧ್ಯವಿಲ್ಲ. ಗೊಂಬೆಯನ್ನು ಚೀಪುವ ಮಗುವಿನ ಹೊಟ್ಟೆಗೆ ಅದು ಸೇರುತ್ತದೆ. ಮಗುವಿನ ಕಣ್ಣಿಗೂ ಬೇಡವೆಂದೇ ವೈದ್ಯರು ಹೇಳುತ್ತಾರೆ. ಸೀಸಕ್ಕೆ ‘ಇಷ್ಟಾದರೆ ತೊಂದರೆಯಿಲ್ಲ’ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮಗುವಿನ ಮಿದುಳಿನ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ, ಹೊರಗೆ ಏನೂ ಕಾಣದೆಯೂ ಇರಬಹುದು. ಇದೇ ಕಾರಣಕ್ಕೆ ಹಳೆಯ ಬಣ್ಣ ಬಳಿದ ಮರದ ತುಂಡು, ಮುರಿದ ಕಿಟಕಿಯ ಪಟ್ಟಿ, ಗುಜರಿಯಲ್ಲಿ ಸಿಕ್ಕ ವಸ್ತುಗಳಿಂದ ಆಟಿಕೆ ಮಾಡಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದದ್ದರಲ್ಲಿ ಎಷ್ಟಿದೆಯೋ!

ಹಿಟ್ಟಿನ ಆಟ ಮಕ್ಕಳಿಗೆ ಬಹಳ ಇಷ್ಟ. ಅನ್ನದ ವಸ್ತುವನ್ನು ಆಟಕ್ಕೆ ಕೊಡುವುದೇ ಎಂದು ನಾನಿ ಗೊಣಗಿದರೆ ಅದರಲ್ಲಿ ತಪ್ಪಿಲ್ಲ. ನಿಂಬೆ ಗಾತ್ರದ ಎರಡು ಉಂಡೆ ಸಾಕು. ಉಪ್ಪು ಬೆರೆಸಿ ವಾರಗಟ್ಟಲೆ ಇಡುವ ಹಿಟ್ಟು ಮೂರು ವರ್ಷ ದಾಟಿದವರಿಗೆ ಮಾತ್ರ, ಅದನ್ನು ತಿಂದರೆ ರಕ್ತದಲ್ಲಿ ಉಪ್ಪು ಏರುತ್ತದೆ. ಚಿಕ್ಕವರಿಗೆ ಉಪ್ಪಿಲ್ಲದೆ ಕಲಸಿದ ಚಪಾತಿ ಹಿಟ್ಟನ್ನು ನಿಮ್ಮ ಕಣ್ಣೆದುರು ಕೊಟ್ಟು, ಆಟ ಮುಗಿದ ಕೂಡಲೇ ತೆಗೆಯಿರಿ. ಹಸಿ ಹಿಟ್ಟಿನಲ್ಲೂ ರೋಗಾಣು ಇರಬಹುದು, ಕೈ ತೊಳೆಸಿರಿ. ಬಣ್ಣಕ್ಕೆ ಬೀಟ್‌ರೂಟ್ ರಸ, ಪಾಲಕ್ ರಸ ಹಾಕಿರಿ.

ರಟ್ಟಿನ ಪೆಟ್ಟಿಗೆಯಿಂದ ಕಾರು, ಮನೆ ಮಾಡುವಾಗ ಮೊದಲು ಲೋಹದ ಪಿನ್ನುಗಳನ್ನೆಲ್ಲ ಕಿತ್ತು ಎಣಿಸಿರಿ. ಪೆಟ್ಟಿಗೆಯ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಇಡುತ್ತದೆ. ಕೊಡವಿ ಒಂದು ದಿನ ಬಿಸಿಲಿಗಿಡಿರಿ. ಅಂಟಿಸಲು ಮೈದಾ ಅಂಟನ್ನು ಮನೆಯಲ್ಲೇ ಕಾಯಿಸಿರಿ. ಬೈಂಡಿಂಗ್ ಮಾಡುವವರ ಅಂಟಿಗೆ ಹುಳ ಬಾರದಿರಲಿ ಎಂದು ಮೈಲುತುತ್ತ ಬೆರೆಸುವುದುಂಟು, ಅದು ವಿಷ.

ಬಲೂನು? ಮಕ್ಕಳಿಗೆ ಅದು ಸಂತೋಷ, ಗೊತ್ತು. ಒಡೆದ ಬಲೂನಿನ ತುಂಡು ಗಂಟಲಿಗೆ ಅಂಟಿಕೊಂಡರೆ ಬೆನ್ನಿಗೆ ತಟ್ಟಿದರೂ ಬರುವುದು ಕಷ್ಟ. ಎಂಟು ವರ್ಷದೊಳಗಿನವರ ಕೈಗೆ ಒಬ್ಬರೇ ಇದ್ದಾಗ ಕೊಡಬೇಡಿ, ಒಡೆದ ಚೂರುಗಳನ್ನು ಕೂಡಲೇ ಹೆಕ್ಕಿ ಎಸೆಯಿರಿ. ನೀರಿನಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿ, ಚಿಕ್ಕ ಮ್ಯಾಗ್ನೆಟ್ ಮನೆಯೊಳಗೇ ಬರಬಾರದು. ಅವು ಕರುಳನ್ನು ಕಟ್ಟುತ್ತವೆ, ತೂತು ಮಾಡುತ್ತವೆ.

ಕೊಳ್ಳಲೇಬೇಕಾದರೆ 2021ರ ಜನವರಿಯಿಂದ ಆಟಿಕೆಗಳಿಗೆ ಕಡ್ಡಾಯವಾಗಿರುವ ಐಎಸ್‌ಐ ಗುರುತನ್ನು ಹುಡುಕಿರಿ. ಚನ್ನಪಟ್ಟಣದ ಮರದ ಆಟಿಕೆಗಳಂಥ ಕುಶಲಕರ್ಮಿಗಳ ವಸ್ತುಗಳಿಗೆ ಇದರಿಂದ ವಿನಾಯಿತಿಯಿದೆ, ಆದ್ದರಿಂದ ಅವುಗಳ ಮೇಲೆ ಗುರುತು ಇಲ್ಲದಿರಬಹುದು. ಹಾಲೆ ಮರವನ್ನು ತಿರುಗಿಸಿ ಅರಗಿನ ಬಣ್ಣ ಹಿಡಿಸುವ ಆ ಕಸುಬಿನಲ್ಲಿ ನಮ್ಮ ಸಮುದಾಯದ ಎಷ್ಟೋ ಕುಟುಂಬಗಳಿವೆ. ಆದರೆ ಅದೇ ಹೆಸರಿನಲ್ಲಿ ರಾಸಾಯನಿಕ ಬಣ್ಣದ ನಕಲಿಯೂ ಮಾರಾಟವಾಗುತ್ತದೆ, ಕೇಳಿ ಕೊಳ್ಳಿರಿ.

ಮಾಡಿದ ಆಟಿಕೆಯನ್ನು ಕೊಡುವ ಮೊದಲು ನೀವೇ ಬಲವಾಗಿ ಎಳೆಯಿರಿ. ಹೊಲಿಗೆ ಬಿಡುವುದಾದರೆ ನಿಮ್ಮ ಕೈಯಲ್ಲೇ ಬಿಡಲಿ. ವಾರಕ್ಕೊಮ್ಮೆ ಬಟ್ಟೆಯದನ್ನು ಬಿಸಿನೀರು, ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ ಒಳಗಿನವರೆಗೂ ಒಣಗಿಸಿರಿ. ಮಳೆಗಾಲದಲ್ಲಿ ಅರೆ ಒಣಗಿದ ಚೆಂಡು ಬೂಸ್ಟು ಹಿಡಿಯುತ್ತದೆ, ಆಗ ಬಿಚ್ಚಿ ಹೊಸ ಚಿಂದಿ ತುಂಬಿರಿ. ಭೇದಿಯಾದ ಮಗು ಆಡಿದ್ದನ್ನು ತೊಳೆಯದೆ ಇನ್ನೊಂದು ಮಗುವಿಗೆ ಕೊಡಬೇಡಿ. ವರ್ಷದೊಳಗಿನ ಮಗು ಜೋಲಿಯಲ್ಲೋ ತೊಟ್ಟಿಲಲ್ಲೋ ಮಲಗಿರುವಾಗ ಯಾವ ಮೆತ್ತನೆಯ ಆಟಿಕೆಯೂ ಪಕ್ಕದಲ್ಲಿರಬಾರದು, ಮುಖದ ಮೇಲೆ ಬಿದ್ದರೆ ಅದಕ್ಕೆ ಸರಿಸಲು ಬಾರದು.

ಇಷ್ಟಾಗಿಯೂ ಏನಾದರೂ ಗಂಟಲಲ್ಲಿ ಸಿಕ್ಕಿಕೊಂಡರೆ, ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ಸದ್ದೇ ಬರದಿದ್ದರೆ, ತುಟಿ ನೀಲಿಯಾಗುತ್ತಿದ್ದರೆ, ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ತಲೆ ಕೆಳಗಾಗುವಂತೆ ಕವುಚಿ ಹಿಡಿದು, ಬೆನ್ನಿನ ಎರಡು ರೆಕ್ಕೆಯೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯಿರಿ. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿರಿ, ಮತ್ತೆ ಬೆನ್ನಿಗೆ. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ಐದು ಹೊಡೆತ, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಗೂ ಮೇಲಕ್ಕೂ ಐದು ಸಲ ಒತ್ತುವುದು. ವಸ್ತು ಕಣ್ಣಿಗೆ ಕಾಣದೆ ಬಾಯಿಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಬ್ಯಾಟರಿ ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಮಗು ಆಡಿಕೊಂಡೇ ಇದ್ದರೂ ಕಾಯಬೇಡಿ. ವಾಂತಿ ಮಾಡಿಸಬೇಡಿ. ಮಕ್ಕಳ ವೈದ್ಯರಿರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ, ಬಾಗಿಲಲ್ಲೇ ‘ಬ್ಯಾಟರಿ’ ಎಂಬ ಮಾತು ಹೇಳಿ ಎಕ್ಸ್‌ರೇ ಕೇಳಿರಿ. ಅದೇ ಆಟಿಕೆಯಲ್ಲಿ ಅಂಥದ್ದೇ ಇನ್ನೊಂದು ಬ್ಯಾಟರಿ ಉಳಿದಿದ್ದರೆ ಜೊತೆಗೆ ಒಯ್ಯಿರಿ.