ಊರಿನ ಕಟ್ಟಡ: ಮಾರುವುದೋ, ಗುತ್ತಿಗೆಗೆ ಕೊಡುವುದೋ?

ವಿದ್ಯಾರ್ಥಿಗಳೇ, ಪೌರನೀತಿಯ ಪಾಠದಲ್ಲಿ ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳನ್ನು ಓದಿದ್ದೀರಿ. ಕುಡಿಯುವ ನೀರು, ಬೀದಿದೀಪ, ಚರಂಡಿ, ರಸ್ತೆ ಎಂದು ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತೀರಿ. ಆದರೆ ಈ ಸಂಸ್ಥೆಗಳಿಗೆ ಸ್ವಂತ ಆಸ್ತಿಯೂ ಇದೆ, ಅದನ್ನು ಕೊಳ್ಳುವ, ಮಾರುವ, ಬಾಡಿಗೆಗೆ ಕೊಡುವ ಅಧಿಕಾರವೂ ಇದೆ ಎಂಬುದು ಆ ಪಟ್ಟಿಯಲ್ಲಿ ಬರುವುದಿಲ್ಲ. ಊರಿನ ಹಣ ಸದ್ದಿಲ್ಲದೆ ಬೆಳೆಯುವುದೂ ಕರಗುವುದೂ ಇಲ್ಲಿಯೇ ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಹೊಸೂರು 1992ರವರೆಗೆ ಪಂಚಾಯತಿಯಾಗಿತ್ತು. ಆ ವರ್ಷ ನಗರಸಭೆಯಾಯಿತು, 2019ರಲ್ಲಿ ಮಹಾನಗರ ಪಾಲಿಕೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ ಹೊಸೂರು, ತಳಿ, ಕೆಲಮಂಗಲ, ಶೂಲಗಿರಿ, ವೇಪನಪಲ್ಲಿ ಮೊದಲಾದ 10 ಪಂಚಾಯತಿ ಒಕ್ಕೂಟಗಳಿವೆ. ಬಸ್ ನಿಲ್ದಾಣದ ಅಂಗಡಿ ಸಾಲು, ಮಾರುಕಟ್ಟೆಯ ಮಳಿಗೆ, ಸಮುದಾಯ ಭವನ ಇಂಥವೆಲ್ಲ ಈ ಸಂಸ್ಥೆಗಳ ಸ್ವತ್ತು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನವು 'ಪಂಚಾಯತಿ ಒಕ್ಕೂಟದ ಶಾಲೆ'ಗಳೆಂದೇ ಹೆಸರಾಗಿವೆ. ಬೆಂಗಳೂರು ಇಲ್ಲಿಗೆ ಸುಮಾರು 40 ಕಿಲೋಮೀಟರು ಮಾತ್ರ. 1970ರ ದಶಕದಿಂದ ಕೈಗಾರಿಕೆಗಳು ಬಂದ ಮೇಲೆ ಇಲ್ಲಿ ನೆಲದ ಬೆಲೆ ಏರಿದ ರೀತಿಯನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಇಂಥ ಊರಿನಲ್ಲಿ ಹತ್ತಡಿ ಅಗಲದ ಮಳಿಗೆಯೂ ಸಣ್ಣ ವಸ್ತುವಲ್ಲ.

ಮಾರಿದರೆ ಒಮ್ಮೆಗೇ ದೊಡ್ಡ ಮೊತ್ತ ಬರುತ್ತದೆ, ಆದರೆ ಸ್ವತ್ತು ಶಾಶ್ವತವಾಗಿ ಕೈಬಿಡುತ್ತದೆ. ಅದಕ್ಕಾಗಿಯೇ ಸ್ಥಿರಾಸ್ತಿಯ ಮಾರಾಟಕ್ಕೆ ಸಭೆಯ ನಿರ್ಣಯ ಮಾತ್ರ ಸಾಲದು, ಸರ್ಕಾರದ ಮಂಜೂರಾತಿಯೂ ಬೇಕು. ಗುತ್ತಿಗೆಯಲ್ಲಿ ಸ್ವತ್ತು ಉಳಿಯುತ್ತದೆ, ಆದಾಯ ತಿಂಗಳು ತಿಂಗಳು ಬರುತ್ತದೆ. ಹೀಗಾಗಿ ಸಾಮಾನ್ಯವಾಗಿ ಗುತ್ತಿಗೆಯೇ ಮೇಲೆಂದು ನನ್ನ ಎಣಿಕೆ. ಆದರೆ ಅದು ಗುತ್ತಿಗೆಯಾಗಿಯೇ ಉಳಿಯಬೇಕು. ಒಂದು ಲೆಕ್ಕ ಮಾಡಿ ನೋಡೋಣ.

ತಿಂಗಳಿಗೆ 3000 ರೂಪಾಯಿಗೆ ಒಂದು ಮಳಿಗೆಯನ್ನು ಕೊಟ್ಟರೆಂದು ಇಟ್ಟುಕೊಳ್ಳಿ. ತಮಿಳುನಾಡಿನ ನಗರಸಭೆಗಳ ಅಂಗಡಿಗಳಿಗೆ 2007ರ ಸರ್ಕಾರಿ ಆದೇಶವು 3 ವರ್ಷಕ್ಕೊಮ್ಮೆ ನೂರಕ್ಕೆ 15ರಂತೆ ಬಾಡಿಗೆ ಏರಿಸಿ, 9 ವರ್ಷ ತುಂಬಿದ ಮೇಲೆ ಹೊಸದಾಗಿ ದರ ಗೊತ್ತುಮಾಡಬೇಕೆಂದಿತ್ತು. (2023ರಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ಹೊಸ ನಿಯಮಾವಳಿ ಬಂದಿದೆ. ಲೆಕ್ಕ ಕಲಿಯಲು ಹಳೆಯ ದರವೇ ಸಾಕು.) ಆಗ ಬಾಡಿಗೆ ಎರಡನೆಯ ಅವಧಿಯಲ್ಲಿ 3450, ಮೂರನೆಯದರಲ್ಲಿ 3967 ರೂಪಾಯಿ 50 ಪೈಸೆ ಆಗುತ್ತದೆ. 9 ವರ್ಷಕ್ಕೆ ಒಟ್ಟು 3,75,030 ರೂಪಾಯಿ. ಏರಿಸುವುದನ್ನು ಮರೆತರೆ ಬರುವುದು 3,24,000 ಮಾತ್ರ. ಒಂದೇ ಮಳಿಗೆಯಲ್ಲಿ 51,030 ರೂಪಾಯಿ ನಷ್ಟ. ಇಂಥ ಐವತ್ತು ಮಳಿಗೆಗಳಿದ್ದರೆ ಎಷ್ಟೆಂಬುದನ್ನು ನೀವೇ ಗುಣಿಸಿರಿ.

ಇದಕ್ಕಿಂತ ಕೆಟ್ಟದ್ದು ಒಳಗುತ್ತಿಗೆ. 3000ಕ್ಕೆ ಹಿಡಿದವನು ತಾನು ಅಂಗಡಿ ಇಡದೆ ಇನ್ನೊಬ್ಬನಿಗೆ 7000ಕ್ಕೆ ಕೊಟ್ಟರೆ, ನಡುವಿನ 4000 ರೂಪಾಯಿ ಊರಿಗೂ ಇಲ್ಲ, ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ಕೂರುವವನಿಗೂ ಇಲ್ಲ. ಹಳೆಯ ಬಾಡಿಗೆಯಲ್ಲೇ ತಂದೆಯಿಂದ ಮಗನಿಗೆ ಸಾಗುವ ಗುತ್ತಿಗೆಯು ಕಾಗದದಲ್ಲಿ ಗುತ್ತಿಗೆ, ವ್ಯವಹಾರದಲ್ಲಿ ಮಾರಾಟ. ಅದೂ ಬೆಲೆ ಬಾರದ ಮಾರಾಟ!

ಹಾಗಾದರೆ ಯಾರಿಗೆ ಕೊಡಬೇಕು? 1979ರಲ್ಲಿ ರಮಣ ದಯಾರಾಮ ಶೆಟ್ಟಿ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿತು. ಮುಂಬಯಿ ವಿಮಾನ ನಿಲ್ದಾಣದ ಒಂದು ಹೋಟೆಲು ಮತ್ತು ಎರಡು ತಿಂಡಿ ಅಂಗಡಿಗಳ ಟೆಂಡರು ಅದು. ಐದು ವರ್ಷ ಅನುಭವವುಳ್ಳ ಎರಡನೆಯ ದರ್ಜೆಯ ಹೋಟೆಲಿನವರೇ ಬೇಕೆಂದು ಪ್ರಕಟಿಸಿ, ಆ ಅರ್ಹತೆ ಇಲ್ಲದವರಿಗೆ ಕೊಟ್ಟಿದ್ದರು. ಸಾರ್ವಜನಿಕ ಸಂಸ್ಥೆಯು ತಾನೇ ಹಾಕಿದ ಷರತ್ತನ್ನು ತಾನೇ ಮೀರಕೂಡದು ಎಂದು ನ್ಯಾಯಮೂರ್ತಿ ಭಗವತಿಯವರು ತೀರ್ಪು ಬರೆದರು. ಸ್ವಾರಸ್ಯವೆಂದರೆ, ತತ್ತ್ವ ಗೆದ್ದರೂ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ. ಅಷ್ಟರಲ್ಲಿ ಅಂಗಡಿಗಳು ನಡೆಯುತ್ತಿದ್ದವು, ಅವರು ಬಂದದ್ದು ತಡವಾಯಿತು. 1987ರಲ್ಲಿ ಕಲ್ಕತ್ತೆಯ ಮೃಗಾಲಯದ ಜಾಗವನ್ನು ಹರಾಜಿಲ್ಲದೆ ಹೋಟೆಲಿಗೆ ಗುತ್ತಿಗೆ ಕೊಟ್ಟದ್ದನ್ನು ಅದೇ ಕೋರ್ಟು ಒಪ್ಪಿತು. ಬಹಿರಂಗ ಹರಾಜು ಸಾಮಾನ್ಯ ನಿಯಮ, ಬಲವಾದ ಕಾರಣವಿದ್ದರೆ ಮಾತ್ರ ಅದನ್ನು ಬಿಡಬಹುದು ಎಂಬುದು ಅದರ ಸಾರ.

ಮಾರಾಟವೂ ಅಲ್ಲದ, ಗುತ್ತಿಗೆಯೂ ಅಲ್ಲದ ಮೂರನೆಯ ದಾರಿಯನ್ನು ನೆರೆಯ ಬೆಂಗಳೂರು ತೋರಿಸಿತು. 2010ರ ದಶಕದಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿದ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಕೃಷ್ಣರಾಜೇಂದ್ರ ಮಾರುಕಟ್ಟೆ, ಮೇಯೋ ಹಾಲ್ ಮೊದಲಾದ ಹೆಸರಾಂತ ಕಟ್ಟಡಗಳನ್ನು ಅಡವಿಟ್ಟು ಸಾಲ ತಂದಿತು. ಬಿಕ್ಕಟ್ಟಿನಲ್ಲಿ ಮನೆಯ ಒಡವೆ ಅಡವಿಡುವುದನ್ನು ನಾವು ಕಂಡಿದ್ದೇವೆ. ಊರಿನ ಸಂತೆಕಟ್ಟೆಯೇ ಅಡವಿಗೆ ಹೋದದ್ದು ಹೊಸದು. ಬಡ್ಡಿ ಕಟ್ಟಿದ್ದು ತೆರಿಗೆಯ ಹಣದಿಂದಲೇ. ಮುಂದೆ ಒಂದೊಂದಾಗಿ ಬಿಡಿಸಿಕೊಂಡರೆಂಬುದು ಸಮಾಧಾನದ ಸಂಗತಿ.

ಅವಸರದ ಮಾರಾಟಕ್ಕೆ ಲಂಡನ್ನಿನದೊಂದು ಉದಾಹರಣೆ ಇದೆ. ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ನಗರಸಭೆ ನಿರ್ವಹಣೆಯ ಖರ್ಚು ತಪ್ಪಿಸಲೆಂದು 1987ರಲ್ಲಿ ಮೂರು ಸ್ಮಶಾನಗಳನ್ನು ತಲಾ 5 ಪೆನ್ಸಿನಂತೆ, ಒಟ್ಟು 15 ಪೆನ್ಸಿಗೆ ಮಾರಿತು. ಸತ್ತವರ ಬಂಧುಗಳು ಎದ್ದು ನಿಂತರು. ಕೊನೆಗೆ ನಗರಸಭೆ ಸ್ಮಶಾನಗಳನ್ನು ಹಿಂದಕ್ಕೆ ಪಡೆಯಬೇಕಾಯಿತು.

ಕೊಳ್ಳುವ, ಕಾಪಾಡುವ ನಿರ್ಧಾರದ ಮಾತು ಅಪರೂಪ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ರಾಜಾಜಿ ಹುಟ್ಟಿದ ಮನೆ ಇಂದು ಸರ್ಕಾರದ ಸ್ಮಾರಕವಾಗಿದೆ. ಬಾಡಿಗೆ ತರುವ ಕಟ್ಟಡವಲ್ಲ ಅದು, ಆದರೂ ಸಾರ್ವಜನಿಕ ಸ್ವತ್ತಾಗಿ ಉಳಿಯಬೇಕಾದದ್ದು. 1917ರಲ್ಲಿ ಅವರು ಸೇಲಂ ನಗರಸಭೆಯ ಅಧ್ಯಕ್ಷರಾದಾಗ ನಮ್ಮ ಹೊಸೂರು ಆ ಜಿಲ್ಲೆಗೇ ಸೇರಿತ್ತು.

ಇನ್ನು ನಮಗೆ ಹತ್ತಿರದ ಸಂಗತಿ. ಗಡಿಯ ಹಳ್ಳಿಯಲ್ಲಿ ಒಂದು ಕನ್ನಡ ಶಾಲೆಯ ಮಕ್ಕಳ ಸಂಖ್ಯೆ ಇಳಿದು ಬೀಗ ಬಿದ್ದರೆ ಕಟ್ಟಡ ಏನಾಗಬೇಕು? ಗೋದಾಮಿಗೆ ಕೊಡಬಹುದು, ವಾಚನಾಲಯ ಮಾಡಬಹುದು, ಅಂಗನವಾಡಿ ನಡೆಸಬಹುದು. ಖಾಲಿ ಬಿಟ್ಟರೆ ಹೆಂಚು ಮೊದಲು ಹೋಗುತ್ತದೆ, ಬಾಗಿಲು ಆಮೇಲೆ. ಇಂಥ ಪ್ರಶ್ನೆಯನ್ನು ಜನವರಿ 26, ಮೇ 1, ಆಗಸ್ಟ್ 15 ಮತ್ತು ಅಕ್ಟೋಬರ್ 2ರಂದು ಸೇರುವ ಗ್ರಾಮಸಭೆಯಲ್ಲಿ ಮತದಾರನಾದ ಯಾವನೇ ಹಳ್ಳಿಗನೂ ಎತ್ತಬಹುದು. ನಿಮಗೆ ಇನ್ನೂ ಮತವಿಲ್ಲ, ತಂದೆತಾಯಿಗಳಿಗಿದೆ. ಯಾವ ಮಳಿಗೆ ಯಾರಿಗೆ, ಎಷ್ಟಕ್ಕೆ, ಯಾವ ವರ್ಷದವರೆಗೆ ಎಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಬಿಳಿಯ ಹಾಳೆಯಲ್ಲಿ ಅರ್ಜಿ ಬರೆದು 10 ರೂಪಾಯಿ ಶುಲ್ಕ ಕಟ್ಟಿದರಾಯಿತು, 30 ದಿನದೊಳಗೆ ಉತ್ತರ ಬರಬೇಕು.