ಕಾಣದ ದ್ರವ್ಯವೋ, ತಿದ್ದಬೇಕಾದ ನಿಯಮವೋ?

ಸೂರ್ಯನಿಗೆ ಸಮೀಪದ ಬುಧಗ್ರಹವು ಸೆಕೆಂಡಿಗೆ ಸುಮಾರು 47 ಕಿಲೋಮೀಟರು ವೇಗದಿಂದ ಪರಿಭ್ರಮಿಸುತ್ತದೆ. ದೂರದ ನೆಪ್ಚೂನಿನ ವೇಗ 5 ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೆ. ದೂರ ಹೆಚ್ಚಿದಂತೆ ಸೆಳೆತ ಕುಗ್ಗಿ ವೇಗವೂ ತಗ್ಗುವುದು ನ್ಯೂಟನ್ನರ ನಿಯಮದ ಫಲ. ಬೆಳಗುವ ದ್ರವ್ಯದ ಬಹುಪಾಲು ಒಳಭಾಗದಲ್ಲಿಯೇ ಕಿಕ್ಕಿರಿದಿರುವ ಗೆಲಾಕ್ಸಿಗಳಲ್ಲಿಯೂ ಇದೇ ಕ್ರಮವನ್ನು ನಿರೀಕ್ಷಿಸುವುದು ಸಹಜ. ಆದರೆ 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಪ್ರಕಟಿಸಿದ ಆಂಡ್ರೊಮೀಡಾ ಗೆಲಾಕ್ಸಿಯ ಅಳತೆಗಳಲ್ಲಿ ಹೊರ ಅಂಚಿನ ವೇಗ ಹಾಗೆ ತಗ್ಗಿರಲಿಲ್ಲ. ಅನಂತರ ಪರೀಕ್ಷಿಸಿದ ಅನೇಕ ಸುರುಳಿ ಗೆಲಾಕ್ಸಿಗಳಲ್ಲಿ ಕಂಡುದೂ ಇದನ್ನೇ. ಅಷ್ಟು ವೇಗದ ನಕ್ಷತ್ರಗಳನ್ನು ಹಿಡಿದಿಡಲು ಕಾಣುವ ದ್ರವ್ಯ ಸಾಲದು.

ಇಂತಹ ತೊಡಕು ಖಗೋಳವಿಜ್ಞಾನಕ್ಕೆ ಹೊಸದಲ್ಲ. ಯುರೇನಸ್ಸಿನ ಗತಿ ಲೆಕ್ಕಕ್ಕೆ ಹೊಂದದಿದ್ದಾಗ ಲೆವೆರಿಯೆ ಕಾಣದ ಗ್ರಹವೊಂದನ್ನು ಊಹಿಸಿದರು. 1846ರಲ್ಲಿ ನೆಪ್ಚೂನ್ ದೊರೆಯಿತು. ಬುಧನ ಗತಿಯ ಅಲ್ಪ ವ್ಯತ್ಯಾಸಕ್ಕೂ ಅವರು ಸೂಚಿಸಿದ್ದು ಇದೇ ಮದ್ದನ್ನು. ಆ ಗ್ರಹ ಸಿಗಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ತಿದ್ದಿ ಉತ್ತರವಿತ್ತರು. ಗೆಲಾಕ್ಸಿಗಳದು ನೆಪ್ಚೂನಿನ ಕಥೆಯೋ, ಬುಧನ ಕಥೆಯೋ?

ಬೆಳಕನ್ನು ಬೀರದೆ ಗುರುತ್ವದಿಂದ ಮಾತ್ರ ತೋರ್ಪಡುವ 'ಕೃಷ್ಣದ್ರವ್ಯ' ಇದೆಯೆಂಬುದು ಮೊದಲನೆಯ ಪಕ್ಷ. 1983ರಲ್ಲಿ ಇಸ್ರೇಲಿನ ಮೊರ್ದೆಹಾಯ್ ಮಿಲ್‌ಗ್ರೊಮ್ ಎರಡನೆಯ ದಾರಿ ಹಿಡಿದರು. ಭೂಮಿಯ ಮೇಲೆ ಬೀಳುವ ಕಲ್ಲಿನ ವೇಗೋತ್ಕರ್ಷವನ್ನು 8,000 ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ವೇಗೋತ್ಕರ್ಷವು ಬಹಳ ಕಡಿಮೆಯಾದಲ್ಲಿ, ಸೆಳೆತವು ದೂರದ ವರ್ಗಕ್ಕಲ್ಲ, ದೂರಕ್ಕೇ ವಿಲೋಮವಾಗಿರುತ್ತದೆಂದು ಅವರ ವಾದ. ಈ ಒಂದೇ ಸಂಖ್ಯೆಯ ಬಲದಿಂದ ಅನೇಕ ಗೆಲಾಕ್ಸಿಗಳ ವೇಗವನ್ನು ಅವುಗಳ ಕಾಣುವ ದ್ರವ್ಯದಿಂದಲೇ ಬಹುಮಟ್ಟಿಗೆ ಸರಿಯಾಗಿ ಗಣಿಸಬಹುದು. ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವವರು ಆತುರಪಡುತ್ತಾರೆಂದು ನನ್ನ ಎಣಿಕೆ.

ಆದರೆ ಗೆಲಾಕ್ಸಿ ಗುಚ್ಛಗಳಲ್ಲಿ ಈ ಲೆಕ್ಕ ಸೋಲುತ್ತದೆ. 'ಬುಲೆಟ್' ಎಂದು ಹೆಸರಾದೆಡೆಯಲ್ಲಿ ಎರಡು ಗುಚ್ಛಗಳು ಒಂದಕ್ಕೊಂದು ಡಿಕ್ಕಿ ಹೊಡೆದಿವೆ. ಕಾಣುವ ದ್ರವ್ಯದ ಬಹುಪಾಲಾದ ಬಿಸಿ ಅನಿಲವು ನಡುವೆ ಉಳಿದಿದೆ. ಗೆಲಾಕ್ಸಿಗಳು ಎರಡು ಪಕ್ಕಗಳಿಗೆ ದಾಟಿ ಹೋಗಿವೆ. ಹಿನ್ನೆಲೆಯ ಬೆಳಕು ಬಾಗುವ ಪರಿಯಿಂದ ಅಳೆದಾಗ ಸೆಳೆತದ ಕೇಂದ್ರಗಳು ಅನಿಲದಲ್ಲಿಲ್ಲ, ಆ ಪಕ್ಕಗಳಲ್ಲಿವೆ. 2006ರಲ್ಲಿ ಪ್ರಕಟವಾದ ಈ ಸಾಕ್ಷ್ಯ ಬಲವಾದುದು. ವಿಶ್ವದ ಆದಿಕಾಲದ ಬೆಳಕಿನ ಅಳತೆಗಳೂ ಕೃಷ್ಣದ್ರವ್ಯದ ಪರವಾಗಿಯೇ ಇವೆ. ಬಹುಸಂಖ್ಯೆಯ ವಿಜ್ಞಾನಿಗಳು ಆ ಕಡೆ ಇರುವುದು ನ್ಯಾಯವೇ. ಆದರೂ ಇಟಲಿಯ ಗ್ರಾನ್ ಸಾಸ್ಸೊ ಪರ್ವತದಡಿಯಲ್ಲಿ, ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯಲ್ಲಿ ಟನ್ನುಗಟ್ಟಲೆ ದ್ರವ ಕ್ಸೆನಾನ್ ತುಂಬಿ ಕಾದಿರುವ ಉಪಕರಣಗಳಿಗೆ (1965ರಲ್ಲಿ ನಮ್ಮ ಕೋಲಾರದ ಗಣಿಯಾಳದಲ್ಲಿ ನ್ಯೂಟ್ರಿನೊಗಳ ಸುಳಿವು ಹಿಡಿದುದೂ ಹೀಗೆಯೇ ಬಂಡೆಯ ಮರೆಯಲ್ಲಿ) ಕೃಷ್ಣದ್ರವ್ಯದ ಕಣವೊಂದೂ ಇದುವರೆಗೆ ಖಚಿತವಾಗಿ ಸಿಕ್ಕಿಲ್ಲ.