ನಾಯಕತ್ವದ ರೀತಿ ಮತ್ತು ವಿಶ್ವವಿದ್ಯಾನಿಲಯದ ಆಡಳಿತ

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕಟ್ಟಡ, ಪುಸ್ತಕಭಂಡಾರ, ಘಟಿಕೋತ್ಸವದ ನಿಲುವಂಗಿ. ಇವುಗಳ ಹಿಂದೆ ಆಡಳಿತವೆಂಬುದೊಂದಿದೆ ಎಂಬುದು ಅಂಕಪಟ್ಟಿ ತಡವಾದಾಗ ಮಾತ್ರ ನೆನಪಾಗುತ್ತದೆ. ಈ ಆಡಳಿತವು ಮುಖ್ಯಸ್ಥರ ನಾಯಕತ್ವದ ರೀತಿಯನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆ ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಕರ್ಟ್ ಲೆವಿನ್, ಲಿಪಿಟ್ ಮತ್ತು ವೈಟ್ ಎಂಬ ವಿದ್ವಾಂಸರು 1939ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾದುದು. ಅವರು ಅಮೆರಿಕದಲ್ಲಿ ಹತ್ತು ವರ್ಷದ ಹುಡುಗರ ಸಣ್ಣ ಕೂಟಗಳನ್ನು ಏರ್ಪಡಿಸಿ, ಅವುಗಳಿಗೆ ಮೂರು ಬಗೆಯ ಮುಂದಾಳುಗಳನ್ನು ಕೊಟ್ಟು ನೋಡಿದರು. ಎಲ್ಲವನ್ನೂ ತಾನೇ ಅಪ್ಪಣೆಮಾಡುವವನು ಒಬ್ಬ. ಎಲ್ಲರೊಡನೆ ಕೂಡಿ ಆಲೋಚಿಸುವವನು ಇನ್ನೊಬ್ಬ. ಯಾವುದಕ್ಕೂ ಕೈಹಾಕದೆ ಬಿಟ್ಟುಬಿಡುವವನು ಮತ್ತೊಬ್ಬ. ನಿರಂಕುಶ ನಾಯಕನ ಎದುರಿಗೆ ಕೆಲಸ ಭರದಿಂದ ಸಾಗಿತು; ಆತ ಕೊಠಡಿಯಿಂದ ಹೊರಗೆ ಹೋದೊಡನೆ ಕುಗ್ಗಿತು. ಕೂಡಿ ಆಲೋಚಿಸುವ ಕೂಟದಲ್ಲಿ ನಾಯಕನಿಲ್ಲದಾಗಲೂ ಕೆಲಸ ಮುಂದುವರಿಯಿತು.

ಹುಡುಗರ ಕೂಟವೂ ವಿಶ್ವವಿದ್ಯಾನಿಲಯವೂ ಒಂದೇ ಅಲ್ಲ. ಆದರೂ ಅಲ್ಲಿಂದ ನಮಗೊಂದು ಒರೆಗಲ್ಲು ದೊರೆಯುತ್ತದೆ: ನಾಯಕನು ಎದ್ದುಹೋದ ಮೇಲೆ ಉಳಿಯುವುದೇನು? 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮವು ಕುಲಪತಿಗಳಿಗೆ ಗೊತ್ತುಮಾಡಿದ ಅವಧಿ ನಾಲ್ಕೇ ವರ್ಷ. ಆದುದರಿಂದ ಈ ಪ್ರಶ್ನೆ ಪ್ರತಿಯೊಬ್ಬ ಕುಲಪತಿಗೂ ಅನ್ವಯಿಸುತ್ತದೆ.

ನಮ್ಮ ನಾಡಿನ ಎರಡು ನಿದರ್ಶನಗಳನ್ನು ನೋಡೋಣ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ 1956ರಲ್ಲಿ ಕುವೆಂಪು ಅವರು ಉಪಕುಲಪತಿಗಳಾದರು. ಅಂದು ಕುಲಪತಿಯ ಹುದ್ದೆಗೆ ಇದ್ದ ಹೆಸರು ಅದು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಆ ಪೀಠವನ್ನೇರಿದವರಲ್ಲಿ ಅವರೇ ಮೊದಲಿಗರು. 1960ರಲ್ಲಿ ನಿವೃತ್ತರಾದರು. ನಾಲ್ಕು ವರ್ಷಗಳಲ್ಲಿ ಅವರು ಕಲ್ಪಿಸಿದ ಮಾನಸಗಂಗೋತ್ರಿ ಇಂದಿಗೂ ಸ್ನಾತಕೋತ್ತರ ವಿದ್ಯೆಯ ನೆಲೆಯಾಗಿದೆ. ಇನ್ನೊಬ್ಬರು ಡಾ. ಡಿ. ಸಿ. ಪಾವಟೆಯವರು. ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಪಳಗಿದ ಅವರು 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವನ್ನು ನಡೆಯಿಸಿದರು. ಒಬ್ಬರು ಕವಿ, ಇನ್ನೊಬ್ಬರು ಅನುಭವಿ ಆಡಳಿತಗಾರರು. ಅಧಿಕಾರದ ಅವಧಿಯೂ ಬೇರೆ ಬೇರೆ. ಆದರೂ ಇಬ್ಬರ ಕೆಲಸವೂ ಅವರ ಕಾಲಾನಂತರ ಉಳಿಯಿತು. ಇದರಿಂದ, ಉತ್ತಮ ನಾಯಕತ್ವಕ್ಕೆ ಒಂದೇ ಅಚ್ಚು ಇಲ್ಲವೆಂದು ತಿಳಿಯುತ್ತದೆ.

ಹಾಗಾದರೆ ಯಾವ ರೀತಿ ಒಳ್ಳೆಯದು? ಅದು ಕೆಲಸವನ್ನು ಅನುಸರಿಸಿ ಬದಲಾಗಬೇಕೆಂದು ನನಗೆ ತೋರುತ್ತದೆ. ಪರೀಕ್ಷೆ, ಮೌಲ್ಯಮಾಪನ, ಫಲಿತಾಂಶ ಇವುಗಳಲ್ಲಿ ಕಟ್ಟುನಿಟ್ಟೇ ಲೇಸು. ಗೊತ್ತಾದ ದಿನವನ್ನು ಯಾರೂ ಮೀರಲಾಗದು. ಪಠ್ಯಕ್ರಮದಲ್ಲಿ ಅಪ್ಪಣೆ ಸಲ್ಲದು; ಅಧ್ಯಯನ ಮಂಡಳಿಯೂ ವಿದ್ಯಾವಿಷಯಕ ಪರಿಷತ್ತೂ ಇರುವುದೇ ಚರ್ಚೆಗಾಗಿ. ಸಂಶೋಧನೆಯಲ್ಲಿ ವಿದ್ವಾಂಸನನ್ನು ಅವನ ಪಾಡಿಗೆ ಬಿಡುವುದೇ ಹಿತ. ಆದರೆ ಪರೀಕ್ಷೆಯಲ್ಲಿ ಉದಾಸೀನ, ಸಂಶೋಧನೆಯಲ್ಲಿ ಅಪ್ಪಣೆ ಎಂದಾದರೆ ಆಡಳಿತ ತಲೆಕೆಳಗಾಗುತ್ತದೆ.

ಇದು ಬರಿಯ ತತ್ತ್ವದ ಮಾತಲ್ಲ. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯ ಆರಂಭವಾದಾಗ ಬಳ್ಳಾರಿ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿತು. ಕಚೇರಿ ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿತ್ತು. 2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು, ದೂರ ತಗ್ಗಿತು. ಆದರೆ ರಸ್ತೆಯ ದೂರ ತಗ್ಗಿದ ಮಾತ್ರಕ್ಕೆ ಮೇಜಿನಿಂದ ಮೇಜಿಗೆ ಕಡತ ಸಾಗುವ ದೂರ ತಗ್ಗುವುದಿಲ್ಲ. ಅದನ್ನು ತಗ್ಗಿಸುವುದು ನಾಯಕತ್ವದ ಕೆಲಸ. ಪ್ರತಿಯೊಂದು ಸಹಿಗೂ ಕುಲಪತಿಗಳನ್ನೇ ಕಾಯಬೇಕೆಂದರೆ, ಅವರು ಊರಿನಲ್ಲಿಲ್ಲದ ದಿನ ಕಚೇರಿಯೇ ನಿಂತಂತಾಗುತ್ತದೆ. ಕುಲಸಚಿವರಿಂದ ಗುಮಾಸ್ತರವರೆಗೆ ಅಧಿಕಾರವನ್ನೂ ಹೊಣೆಯನ್ನೂ ಹಂಚಿದರೆ ಕೆಲಸ ನಿಲ್ಲುವುದಿಲ್ಲ.

ಮೋಕದಂತಹ ಊರಿನಿಂದ ಬರುವ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆಯುವ ವಿದ್ಯಾರ್ಥಿಗೆ ಫಲಿತಾಂಶ ಒಂದು ತಿಂಗಳು ತಡವಾದರೆ ಬಿ.ಎಡ್. ಪ್ರವೇಶವೋ ಉದ್ಯೋಗದ ಅರ್ಜಿಯೋ ಕೈತಪ್ಪಬಹುದು. ಯಾರನ್ನು ಕೇಳಬೇಕೆಂಬುದನ್ನು ಹೇಳಬಲ್ಲ ಹಿರಿಯರು ಅವನ ಮನೆಯಲ್ಲಿಲ್ಲ. ನಮ್ಮ ಸೀಮೆಯ ರೈತರು ತುಂಗಭದ್ರೆಯ ಜಲಾಶಯ ತುಂಬಿತೆಂದು ಕೇಳಿ ಸುಮ್ಮನಾಗುವುದಿಲ್ಲ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಂದಿತೇ ಎಂದು ನೋಡುತ್ತಾರೆ. ವಿಶ್ವವಿದ್ಯಾನಿಲಯದ ಆಡಳಿತವನ್ನೂ ನಾವು ಹಾಗೆಯೇ ಅಳೆಯಬೇಕು.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಕೆಲವರು ನಾಳೆ ಅಧ್ಯಾಪಕರಾಗುವರು, ಕೆಲವರು ಕಚೇರಿಗಳಲ್ಲಿ ಕುಳಿತುಕೊಳ್ಳುವರು. ಆಗ ನಮ್ಮ ಮೇಜಿನ ಮುಂದೆಯೂ ಹಳ್ಳಿಯ ಹುಡುಗನೊಬ್ಬ ಅರ್ಜಿ ಹಿಡಿದು ನಿಲ್ಲುವನು. ಮೇಲಿನವರ ಅಪ್ಪಣೆಗೆ ಕಾಯದೆ, ನಮ್ಮ ಅಧಿಕಾರದಲ್ಲಿರುವ ಕೆಲಸವನ್ನು ಅಂದೇ ಮಾಡಿಕೊಡುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳೋಣ.